ಬಟ್ಟೆ, ನೂಲು, ಕಾಗದ, ಮಣ್ಣು: ಎಲ್ಲಾ ಕೈಕೆಲಸ ಮನೆಯಲ್ಲೇ ಕಲಿಯೋರು ಎಲ್ಲಿಂದ ಶುರು ಮಾಡ್ಬೇಕು?

ಸೂಜಿಮೊನೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಸಹಜ ಬಣ್ಣ, ಕಸೂತಿ, ಕೌದಿ, ಪುಸ್ತಕ ಕಟ್ಟೋದು, ಮಣ್ಣಿನ ಕೆಲಸ, ಇಷ್ಟನ್ನೂ ಯಾರ ಹತ್ತಿರಾನೂ ಪಾಠ ಹೇಳಿಸಿಕೊಳ್ಳದೆ ಮನೆಯಲ್ಲೇ ಕಲಿಯೋರಿಗೆ ಯಾವ ಕ್ರಮ ಒಳ್ಳೇದು? ಹತ್ತಕ್ಕೆ ಕೈ ಹಾಕಿದರೆ ಒಂದೂ ಕೈ ಹತ್ತಲ್ಲ ಅಂತ ಎಲ್ಲರೂ ಹೇಳ್ತಾರೆ. ನಿಜವಾ?

ಇನ್ನೊಂದು ಪ್ರಶ್ನೆ. 200 ಗ್ರಾಂ ಹೊಸ ಬಿಳಿ ಕಾಟನ್ ಬಟ್ಟೆ, ಅಡಿಕೆ ಚೊಗರಿನ (ಅಡಿಕೆ ಬೇಯಿಸಿದ ನೀರಿನ) ಬಣ್ಣ. ಬಟ್ಟೆಯನ್ನ ತಣ್ಣೀರಲ್ಲಿ ಜಾಲಿಸಿ ನೇರವಾಗಿ ಚೊಗರಲ್ಲಿ ಕುದಿಸಿದ್ದು, ಬೇರೇನೂ ಮಾಡಿಲ್ಲ. ಬಣ್ಣ ಹತ್ತಿದೆ, ಆದರೆ ಮೋಡ ಕವಿದ ಹಾಗೆ ಅಲ್ಲಲ್ಲಿ ದಟ್ಟ, ಅಲ್ಲಲ್ಲಿ ತಿಳಿ. ಮಡಿಕೆ ಬಿದ್ದಲ್ಲಿ ಗೆರೆ. ಎಲ್ಲಿ ತಪ್ಪಿರಬಹುದು?

ಚೊಗರುಕೆಂಪು (ಚನ್ನಗಿರಿ)

ಮೇಡಂ, ತಪ್ಪಾಗಿರೋದು ಬಣ್ಣದಲ್ಲಲ್ಲ, ತೊಳೆಯೋದರಲ್ಲಿ. ಹೊಸ ಬಟ್ಟೆಗೆ ಮಗ್ಗದ ಗಂಜಿ ಇರುತ್ತೆ, ಹತ್ತಿಗೆ ತನ್ನದೇ ಮೇಣದಂಥ ಜಿಡ್ಡೂ ಇರುತ್ತೆ. ತಣ್ಣೀರಿಗೆ ಇವೆರಡೂ ಹೋಗಲ್ಲ. ಗಂಜಿ ಉಳಿದ ಕಡೆ ಬಣ್ಣ ಮೇಲೇ ನಿಲ್ಲುತ್ತೆ, ಬಿಟ್ಟ ಕಡೆ ಒಳಗಿಳಿಯುತ್ತೆ. ಅದೇ ಮೋಡ.

200 ಗ್ರಾಂ ಬಟ್ಟೆಗೆ 6 ಲೀಟರ್ ನೀರು, 2 ಟೀ ಚಮಚ ವಾಷಿಂಗ್ ಸೋಡಾ, ಒಂದು ಚಮಚ ಬಾರ್ ಸೋಪಿನ ತುರಿ. ಸಣ್ಣ ಉರಿಯಲ್ಲಿ ಒಂದು ತಾಸು ಕುದಿಸಿ. ನೀರು ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತೆ, ಬಿಳಿ ಬಟ್ಟೆಯಿಂದ ಇಷ್ಟು ಕೊಳೆ ಬಂತಾ ಅನ್ನಿಸುತ್ತೆ. ಆ ನೀರು ಚೆಲ್ಲಿ, ಬಿಸಿನೀರಲ್ಲಿ ಎರಡು ಸಲ ಜಾಲಿಸಿ. ಒಣಗಿದ ಮೇಲೆ ಬಟ್ಟೆ ಮೇಲೆ ಒಂದು ಹನಿ ನೀರು ಬಿಡಿ. ಹನಿ ಮುತ್ತಿನ ಹಾಗೆ ಕೂತರೆ ಮತ್ತೆ ಕುದಿಸಬೇಕು. ಬಿದ್ದ ತಕ್ಷಣ ಇಂಗಿದರೆ ಬಟ್ಟೆ ತಯಾರು.

ಇನ್ನು ಚೊಗರು. ಹಸಿ ಅಡಿಕೆ ಸುಲಿದು ಬೇಯಿಸಿದ ನೀರನ್ನೇ ಮತ್ತೆ ಮತ್ತೆ ಬಳಸಿ ಗಟ್ಟಿಯಾದದ್ದು ಇದು. ಒಂದು ಮನೆಯದು ಸಾರಿನಷ್ಟು ತೆಳು, ಇನ್ನೊಂದು ಮನೆಯದು ಕಾಕಂಬಿಯಷ್ಟು ದಪ್ಪ, ಹಾಗಾಗಿ ಅಳತೆ ಹೇಳೋದು ಕಷ್ಟ. ದಪ್ಪ ಇದ್ದರೆ ಬಟ್ಟೆಯ ತೂಕದಷ್ಟೇ ಸಾಕು, ತೆಳು ಇದ್ದರೆ ಎರಡರಷ್ಟು. ಹಳೇ ಪಂಚೆಯಲ್ಲಿ ಎರಡು ಸಲ ಸೋಸಲೇಬೇಕು. ತಳದ ಗಸಿ ಬಟ್ಟೆಗೆ ಅಂಟಿದರೆ ಚುಕ್ಕೆ ಬೀಳುತ್ತೆ, ಆ ಚುಕ್ಕೆ ಆಮೇಲೆ ಹೋಗಲ್ಲ.

ಸೋಸಿದ್ದನ್ನ 6 ಲೀಟರ್ ನೀರಿಗೆ ಬೆರೆಸಿ, ಬಟ್ಟೆಯನ್ನ ಪೂರ್ತಿ ಒದ್ದೆ ಮಾಡಿ ಹಿಂಡಿ, ನೀರು ಉಗುರುಬೆಚ್ಚಗಿರುವಾಗಲೇ ಇಳಿಸಿ. ಒಣ ಬಟ್ಟೆಯನ್ನ ಕುದಿಯೋ ನೀರಿಗೆ ಹಾಕಿದರೆ ಮಡಿಕೆಯ ಗೆರೆ ಗ್ಯಾರಂಟಿ. ಮುಕ್ಕಾಲು ತಾಸಿನಲ್ಲಿ ನಿಧಾನವಾಗಿ ಕಾಯಿಸುತ್ತಾ ಬನ್ನಿ. ತಳದಿಂದ ಸಣ್ಣ ಗುಳ್ಳೆ ಏಳೋಕೆ ಶುರುವಾದಾಗ ಉರಿ ತಗ್ಗಿಸಿ, ಇನ್ನೂ ಮುಕ್ಕಾಲು ತಾಸು ಅಲ್ಲೇ ಹಿಡಿಯಿರಿ. ಕೋಲಿನಿಂದ ತಿರುವುತ್ತಲೇ ಇರಬೇಕು. ಪಾತ್ರೆ ಚಿಕ್ಕದಾಗಿ ಬಟ್ಟೆ ಉಂಡೆಯಾಗಿ ಕೂತರೆ ಎಷ್ಟು ತೊಳೆದಿದ್ದರೂ ಮೋಡ ಬರುತ್ತೆ. ಸ್ಟೀಲ್ ಪಾತ್ರೆಯೇ ಇರಲಿ. ಕಬ್ಬಿಣದ ಬಾಣಲೆಯಲ್ಲಿ ಬಣ್ಣ ಕಪ್ಪಿಗೆ ತಿರುಗುತ್ತೆ. ಒಲೆ ಆರಿಸಿ ರಾತ್ರಿಯೆಲ್ಲ ಅದರಲ್ಲೇ ಬಿಡಿ.

ಮಾರನೇ ದಿನ ಪಟಿಕ. ಬಟ್ಟೆಯ ತೂಕಕ್ಕೆ ನೂರಕ್ಕೆ 15, ಅಂದರೆ 30 ಗ್ರಾಂ. ಬಿಸಿನೀರಲ್ಲಿ ಕರಗಿಸಿ. 4 ಗ್ರಾಂ ವಾಷಿಂಗ್ ಸೋಡಾ ಬೇರೆ ಲೋಟದಲ್ಲಿ ಕರಗಿಸಿ, ಪಟಿಕದ ನೀರಿಗೆ ಸ್ವಲ್ಪ ಸ್ವಲ್ಪವೇ ಸುರಿಯಿರಿ. ನೊರೆ ಉಕ್ಕುತ್ತೆ, ಆದ್ದರಿಂದ ಪಾತ್ರೆ ಅರ್ಧ ಖಾಲಿ ಇರಲಿ. ನೊರೆ ಇಳಿದ ಮೇಲೆ 5 ಲೀಟರ್ ಬೆಚ್ಚನೆ ನೀರು ಸೇರಿಸಿ ಬಟ್ಟೆ ಮುಳುಗಿಸಿ, ಒಂದೆರಡು ತಾಸು ಬಿಡಿ. ಹಿಂಡಿ, ಹಗುರಾಗಿ ಜಾಲಿಸಿ, ಮತ್ತೆ ಚೊಗರಿಗೆ ಇಳಿಸಿ. ಈ ಎರಡನೇ ಸಲ ಏರೋ ಕಂದುಗೆಂಪು ತೊಳೆತಕ್ಕೆ ಸುಲಭವಾಗಿ ಜಗ್ಗಲ್ಲ. ಚೊಗರಲ್ಲಿರೋ ಒಗರು ಪಟಿಕವನ್ನ ಹತ್ತಿಗೆ ಕಟ್ಟಿಹಾಕುತ್ತೆ. ಹತ್ತಿ ಒಂದೇ ಪಟಿಕವನ್ನ ಚೆನ್ನಾಗಿ ಹಿಡಿಯಲ್ಲ, ಅದಕ್ಕೇ ಒಗರು ಮೊದಲು.

ಎರೆಹೊಲ (ಚಿತ್ರದುರ್ಗ)

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸಬೇಕು. ನೀರು ಯಾವುದು ಅಂತ ಯಾರೂ ಕೇಳಲೇ ಇಲ್ಲ. ನಮ್ಮ ಕಡೆ ಬೋರ್‌ವೆಲ್ ನೀರು ಬಹಳ ಗಡಸು. ಸೋಪು ನೊರೆ ಕೊಡಲ್ಲ, ಮೊಸರು ಒಡೆದ ಹಾಗೆ ಬಿಳಿ ಚಕ್ಕೆಯಾಗಿ ಬಟ್ಟೆಗೇ ಅಂಟುತ್ತೆ, ಅಲ್ಲಿ ಬಣ್ಣ ಹತ್ತಲ್ಲ. ನೀರಲ್ಲಿ ಕಬ್ಬಿಣ ಇದ್ದರೆ ಕೆಂಪು ಬರಬೇಕಾದದ್ದು ಮಂಕು ಬೂದಿಯಾಗುತ್ತೆ. ಬಾಟಲಿಗೆ ಅರ್ಧ ನೀರು ತುಂಬಿ, ಚಿಟಿಕೆ ಸೋಪಿನ ತುರಿ ಹಾಕಿ ಕುಲುಕಿ ನೋಡ್ರಿ. ನೊರೆ ನಿಂತರೆ ಸೈ. ಕೆನೆಗಟ್ಟಿದರೆ ಆ ನೀರು ಬೇಡ. ಭದ್ರಾ ನಾಲೆ ನೀರು ನಲ್ಲಿಗೆ ಬರೋ ಕಡೆ ಅದೇ ಸಾಕು, ಅದಕ್ಕಿಂತ ಮಳೆನೀರು ಉತ್ತಮ. ತಾರಸಿ ನೀರು ಹಿಡಿಯೋರು ಮೊದಲ ಮಳೆ ಬಿಟ್ಟು ಎರಡನೇದು ಹಿಡೀರಿ, ಮೊದಲನೇದರಲ್ಲಿ ಧೂಳೇ ಜಾಸ್ತಿ.

ಕಪ್ಪು ಬೇಕು ಅಂದರೆ ಅನ್ನಭೇದಿ, ಅಂದರೆ ಕಬ್ಬಿಣದ ಲವಣ (ಫೆರಸ್ ಸಲ್ಫೇಟ್). 200 ಗ್ರಾಂ ಬಟ್ಟೆಗೆ 4 ಗ್ರಾಂ, ಅಂದರೆ ನೂರಕ್ಕೆ 2. ಚೊಗರು ಹತ್ತಿದ ಬಟ್ಟೆಯನ್ನ ಅದರಲ್ಲಿ ಹತ್ತು ನಿಮಿಷ ಆಡಿಸಿ ತಕ್ಷಣ ಜಾಲಿಸಿ. ಜಾಸ್ತಿ ಹಾಕಿದರೆ ಜಾಸ್ತಿ ಕಪ್ಪು ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ನೂರಕ್ಕೆ 4 ದಾಟಿದರೆ ಕಬ್ಬಿಣ ಬಟ್ಟೆಯನ್ನೇ ತಿನ್ನುತ್ತೆ, ಕೆಲವು ವರ್ಷಕ್ಕೆ ಕಪ್ಪು ಇದ್ದಲ್ಲೇ ಹರಿಯುತ್ತೆ. ಹಳೇ ಸೀರೆಗಳಲ್ಲಿ ಕಪ್ಪು ಗೆರೆ ಮಾತ್ರ ಜೂಲಾಗಿರೋದು ಇದರಿಂದಲೂ ಇರಬಹುದು.

ಮೈಲುತುತ್ತದ (ತಾಮ್ರದ ಸಲ್ಫೇಟ್) ಹಸಿರು ಚಂದ ಅಂತ ಕೆಲವರು ಹೇಳ್ತಾರೆ. ತೋಟಕ್ಕೆ ಬೋರ್ಡೋ ಔಷಧಿ ಹೊಡೆಯಲು ತಂದದ್ದು ಮನೆಯಲ್ಲಿದೆ ಅಂತ ಅದಕ್ಕೆ ಕೈ ಹಾಕಬೇಡಿ. ಬಳಸಿ ಚೆಲ್ಲಿದ ನೀರು ಚರಂಡಿಯಿಂದ ಕೆರೆಗೆ ಹೋದರೆ ಮೀನಿಗೆ ವಿಷ.

ಚೊಗರುಕೆಂಪು (ಚನ್ನಗಿರಿ)

ಒಪ್ಪಿದೆ ಸರ್. ಇನ್ನೂ ಕೆಂಪು ಬೇಕಾದೋರಿಗೆ ಸುಣ್ಣದ ತಿಳಿ. ಎಲೆ ಅಡಿಕೆಗೆ ಸುಣ್ಣ ಸೇರಿದಾಗ ಬಾಯಿ ಕೆಂಪಾಗುತ್ತಲ್ಲ, ಅದೇ ಕೆಲಸ ಬಟ್ಟೆ ಮೇಲೂ ಆಗುತ್ತೆ. ಸುಣ್ಣ ಕದಡಿ, ರಾತ್ರಿ ಬಿಟ್ಟು, ಮೇಲಿನ ತಿಳಿ ಮಾತ್ರ ತೆಗೆದು ಬಟ್ಟೆಯನ್ನ 5 ನಿಮಿಷ ಅದ್ದಿ. ಇದು ಹತ್ತಿಗೆ ಮಾತ್ರ. ರೇಷ್ಮೆ, ಉಣ್ಣೆಗೆ ಸುಣ್ಣವೂ ಬೇಡ, ವಾಷಿಂಗ್ ಸೋಡಾ ಹಾಕಿ ಕುದಿಸೋದೂ ಬೇಡ, ಎಳೆಯೇ ಕರಗಿ ಹಾಳಾಗುತ್ತೆ.

ಮೊದಲ ಪ್ರಶ್ನೆಗೆ ನನ್ನ ಉತ್ತರ: ಒಂದು ವರ್ಷ ಬಣ್ಣ ಒಂದನ್ನೇ ಹಿಡೀರಿ. ಬೇರೇದೆಲ್ಲ ಆಮೇಲೆ.

ಹಾಸುಹೊಕ್ಕು (ಚಳ್ಳಕೆರೆ)

ಕ್ಷಮಿಸಬೇಕು ಅಣ್ಣಾ, ಅದನ್ನ ನಾನು ಒಪ್ಪಲ್ಲ. ಈ ಕೆಲಸಗಳು ಹತ್ತು ಇದ್ದಂಗೆ ಕಾಣ್ತವೆ, ಕಲಿಯಬೇಕಾದ ವಿಷಯ ಒಂದೇ ಐತೆ. ನೀರು ಕುಡಿದರೆ ಹಿಗ್ಗುತ್ತೆ, ಒಣಗಿದರೆ ಕುಗ್ಗುತ್ತೆ. ಬಟ್ಟೆ, ಉಣ್ಣೆ, ಕಾಗದ, ಅಂಟು, ಮಣ್ಣು, ಎಲ್ಲದರಲ್ಲೂ ಕೆಲಸ ಕೆಡೋದು ಹೆಚ್ಚಾಗಿ ಅಲ್ಲೇ. ಕೌದಿ ಮುದುಡೋದು, ಪುಸ್ತಕದ ರಟ್ಟು ಬಾಗೋದು, ಮಣ್ಣಿನ ಗಣಪತಿ ಬಿರುಕು ಬಿಡೋದು ಮೂರಕ್ಕೂ ಕಾರಣ ಒಂದೇ. ಒಂದು ಕೆಲಸದಲ್ಲಿ ಇದನ್ನ ಕೈಯಿಂದ ತಿಳಿದೋರಿಗೆ ಮುಂದಿನದು ಅರ್ಧ ಬಂದ ಹಾಗೆ. ಹತ್ತು ಕಲಿಯೋದರಲ್ಲಿ ಇರೋ ಸುಖವೂ ಅದೇ.

ಉದಾಹರಣೆಗೆ ಅಂಟು ತಗೊಳ್ಳಿ. ನಮ್ಮ ಕಡೆ ಕಂಬಳಿ ನೇಯುವಾಗ ಹಾಸಿನ ನೂಲಿಗೆ (ಮಗ್ಗದಲ್ಲಿ ಉದ್ದಕ್ಕೆ ಹಾಕೋ ಎಳೆಗೆ) ಹುಣಸೆಬೀಜದ ಗಂಜಿ ಬಳೀತಾರೆ. ಒರಟು ಕುರಿ ಉಣ್ಣೆಯ ನೂಲಿನ ಮೇಲೆ ಎದ್ದು ನಿಂತ ರೋಮ ಎಲ್ಲ ಮಲಗಿ, ನೂಲು ಬಿಗಿಯಾಗಿ, ಮಗ್ಗದಲ್ಲಿ ತಿಕ್ಕಿದರೂ ತುಂಡಾಗಲ್ಲ. ಅದೇ ಗಂಜಿ ರಟ್ಟಿಗೆ ಬಟ್ಟೆ ಅಂಟಿಸೋಕೂ ಆಗುತ್ತೆ, ಹಳೇ ಪೇಪರ್ ಅರೆದು ಬುಟ್ಟಿ, ಮುಖವಾಡ ಮಾಡೋಕೂ ಆಗುತ್ತೆ.

100 ಗ್ರಾಂ ಹುಣಸೆಬೀಜ. ಬರೀ ಬಾಣಲೆಯಲ್ಲಿ ಹುರಿದರೆ ಒಂದು ಕಡೆ ಸೀದು ಇನ್ನೊಂದು ಕಡೆ ಹಸಿ ಉಳಿಯುತ್ತೆ. ಮಂಡಕ್ಕಿ ಭಟ್ಟಿಯಲ್ಲಿ ಮಾಡೋ ಹಾಗೆ ಕಾದ ಮರಳಲ್ಲಿ ಹುರೀಬೇಕು. ಸಿಪ್ಪೆ ಬಿರಿದ ತಕ್ಷಣ ಜರಡಿ ಹಿಡಿದು ಮರಳು ಬೇರ್ಪಡಿಸಿ, ಬಿಸಿ ಇರುವಾಗಲೇ ಒರಳಲ್ಲಿ ಹಗುರಾಗಿ ಕುಟ್ಟಿ ಸಿಪ್ಪೆ ತೆಗೀರಿ. ಕಂದು ಸಿಪ್ಪೆ ಉಳಿದರೆ ಗಂಜಿಗೆ ಬಣ್ಣ ಬರುತ್ತೆ, ಬಿಳಿ ಕಾಗದದ ಮೇಲೆ ಕಲೆ ಬೀಳುತ್ತೆ. ಕರಿ ಕಂಬಳಿಗೆ ಇದರಿಂದ ತೊಂದರೆ ಇಲ್ಲ, ಪುಸ್ತಕಕ್ಕೆ ಐತೆ. 60-65 ಗ್ರಾಂ ಬಿಳಿ ಬೇಳೆ ಸಿಗುತ್ತೆ. ರಾತ್ರಿ ನೆನೆಸಿ, ನುಣ್ಣಗೆ ರುಬ್ಬಿ, ಒಂದು ಲೀಟರ್ ನೀರಲ್ಲಿ ಕದಡಿ, ಅರ್ಧ ತಾಸು ಕೈಬಿಡದೆ ತಿರುವುತ್ತಾ ಕುದಿಸಿ. ಗಂಟು ಬಿದ್ದರೆ ಬಟ್ಟೆಯಲ್ಲಿ ಸೋಸಿ. ಚಮಚದಿಂದ ಎತ್ತಿದಾಗ ಎಳೆಯಾಗಿ ಇಳೀಬೇಕು. ಎರಡು ದಿನಕ್ಕಿಂತ ಇಡಬೇಡಿ, ಹುಳಿ ವಾಸನೆ ಬಂದರೆ ಅಂಟುವ ಶಕ್ತಿ ಹೋಯ್ತು ಅಂತ.

ಸೂಜಿಮೊನೆ (ದಾವಣಗೆರೆ)

ಚೊಗರಿನ ಬಣ್ಣಕ್ಕೆ ಕಸೂತಿ ದಾರವನ್ನೂ ಹಾಕಬಹುದಾ? ಕಸೂತಿಯ ಗವಂತಿ ಹೊಲಿಗೆಯಲ್ಲಿ ಹಿಂಬದಿ ಮುಂಬದಿ ಒಂದೇ ಥರ ಬರಬೇಕು ಅಂತಾರೆ, ಆದರೆ ಚೌಕ ಹೊಲಿದಾಗಲೆಲ್ಲ ಎರಡನೇ ಸುತ್ತಿನಲ್ಲಿ ಹೊಲಿಗೆ ಮೇಲೆ ಹೊಲಿಗೆ ಬೀಳುತ್ತೆ, ಪಕ್ಕದ ಜಾಗ ಖಾಲಿ.

ನಾಲ್ಕೆಳೆ (ಹರಿಹರ)

ಸೂಜಿಮೊನೆ ಅಕ್ಕಾ, ದಾರ ಹಾಕಬಹುದು. ಲಡಿಯನ್ನ ನಾಲ್ಕು ಕಡೆ ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ ಇಳಿಸಿ. ಬಿಗಿ ಕಟ್ಟಿದರೆ ಕಟ್ಟಿದಲ್ಲಿ ಬಿಳಿ ಉಳಿಯುತ್ತೆ. ಮೊಳಕಾಲ್ಮೂರು ಕಡೆಯ ಹಸಿ ರೇಷ್ಮೆ ನೂಲು ಸಿಕ್ಕರೆ ಮೊದಲು ಅದರ ಅಂಟು ತೆಗೀಬೇಕು. 100 ಗ್ರಾಂ ನೂಲಿಗೆ 25 ಗ್ರಾಂ ಒಳ್ಳೆ ಸೋಪು, 3 ಲೀಟರ್ ಮೆದು ನೀರು, ಕುದಿ ಬರೋ ಮುಂಚಿನ ಕಾವಿನಲ್ಲಿ ಒಂದು ತಾಸು. ಒಣಗಿಸಿ ತೂಗಿದರೆ 75-80 ಗ್ರಾಂ ಬರುತ್ತೆ. ಉಳಿದದ್ದು ನೂಲು ಕಳೆದುಹೋಗಿದ್ದಲ್ಲ, ಅಂಟು. ಬಣ್ಣದ ಲೆಕ್ಕ ಈ ಹೊಸ ತೂಕಕ್ಕೆ ಮಾಡಿ.

ಇನ್ನು ಗವಂತಿ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಒಮ್ಮೆ ತಲೆಗೆ ಹೋದರೆ ಆಮೇಲೆ ಗೋಪುರ, ತೇರಿನ ಚಿತ್ತಾರ ಯಾವುದಕ್ಕೂ ಹೆದರಬೇಕಿಲ್ಲ. ನಿಯಮ ಒಂದೇ: ಪ್ರತಿ ಗೆರೆ ಮೇಲೆ ದಾರ ಎರಡು ಸಲ ಹೋಗುತ್ತೆ, ಒಮ್ಮೆ ಮೇಲಿಂದ, ಒಮ್ಮೆ ಕೆಳಗಿಂದ. ಚೌಕಕ್ಕೆ ನಾಲ್ಕು ಗೆರೆ. ಮೊದಲ ಸುತ್ತು: ಮೇಲೆ, ಕೆಳಗೆ, ಮೇಲೆ, ಕೆಳಗೆ. ಶುರುವಾದ ಮೂಲೆಗೆ ಬಂದಾಗ ಸೂಜಿ ಮೇಲಿದೆ. ಅದೇ ದಿಕ್ಕಿನಲ್ಲಿ ಮುಂದೆ ಹೋದರೆ ಮೊದಲ ಗೆರೆ ಮೇಲೆ ಮತ್ತೆ ಮೇಲಿಂದಲೇ ಹೊಲಿಗೆ ಬೀಳುತ್ತೆ. ನಿಮಗಾಗ್ತಿರೋದು ಇದೇ. ಅಲ್ಲಿಂದ ತಿರುಗಿ ಬಂದ ದಾರಿಯಲ್ಲೇ ವಾಪಸ್ ಹೋಗಿ. ನಾಲ್ಕನೇ ಗೆರೆ ಈಗ ಮೇಲೆ, ಮೂರನೇದು ಕೆಳಗೆ, ಎರಡನೇದು ಮೇಲೆ, ಮೊದಲನೇದು ಕೆಳಗೆ. ಚೌಕ ತುಂಬಿತು, ಹಿಂಬದಿಯೂ ತುಂಬಿತು. ಸುತ್ತಿನಲ್ಲಿ ಬೆಸ ಸಂಖ್ಯೆಯ ಗೆರೆ ಇದ್ದರೆ ಮುಂದಕ್ಕೇ ಹೋದರೂ ಸರಿಬೀಳುತ್ತೆ, ಸಮ ಸಂಖ್ಯೆ ಇದ್ದರೆ ತಿರುಗಲೇಬೇಕು. ಲೆಕ್ಕ ಬೇಡ ಅನ್ನೋರು ಯಾವಾಗಲೂ ತಿರುಗಿ, ತಪ್ಪೋದೇ ಇಲ್ಲ.

ಕವಲು ಬಂದಾಗ ಮುಖ್ಯ ದಾರಿ ಬಿಟ್ಟು ಕವಲಿನ ತುದಿಗೆ ಹೋಗಿ, ಅದೇ ಗೆರೆ ಮೇಲೆ ವಾಪಸ್ ಬಂದು, ಆಮೇಲೆ ಮುಂದೆ. ಹೊರಟಾಗ ಸೂಜಿ ಬಟ್ಟೆಯ ಮೇಲಿದ್ದರೆ ಮರಳಿ ಬಂದಾಗಲೂ ಮೇಲೇ ಇರಬೇಕು. ಕೆಳಗಿದ್ದರೆ ಕವಲಿನಲ್ಲೇ ಒಂದು ಹೊಲಿಗೆ ತಪ್ಪಿದೆ, ಅಲ್ಲೇ ಬಿಚ್ಚಿ. ಮುಂದೆ ಹೋದ ಮೇಲೆ ಹುಡುಕೋದು ಬಹಳ ಕಷ್ಟ.

ಗಂಟು ಹಾಕಬಾರದು. ಎರಡು ಇಂಚು ದಾರ ಬಿಟ್ಟು ಶುರು ಮಾಡಿ, ಕೊನೆಗೆ ಆ ತುದಿಯನ್ನ ಮುಗಿದ ಹೊಲಿಗೆಗಳ ಗುಂಟ ಸೇರಿಸಿ. ದಾರ ಒಂದು ಮೊಳಕ್ಕಿಂತ ಉದ್ದ ಬೇಡ, ಬಟ್ಟೆಯಲ್ಲಿ ಹತ್ತಾರು ಸಲ ಎಳೆದೆಳೆದು ಕೊನೆಯ ಗೇಣು ಜುಂಗು ಏಳುತ್ತೆ. ಕಲಿಯೋಕೆ ಎಳೆ ಎಣಿಸಲು ಬರೋ ಮ್ಯಾಟಿ ಬಟ್ಟೆ. ಮುರ್ಗಿ ಮೆಟ್ಟಿಲಿನ ಹಾಗೆ ಹೋಗೋ ಗವಂತಿಯೇ. ನೇಗಿ, ಮೆಂತೆ ಅನ್ನೋ ಇನ್ನೆರಡು ಕಸೂತಿ ಹೊಲಿಗೆ ಆಮೇಲೆ ಕಲೀರಿ. ಮೆಂತೆಗೆ ದಾರ ಬಹಳ ಹಿಡಿಯುತ್ತೆ, ಹಿಂಬದಿಯೂ ಅಷ್ಟು ಚೊಕ್ಕಟ ಬರಲ್ಲ.

ಪದರ (ದಾವಣಗೆರೆ)

ಕೌದಿ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೀತೀನಿ. 5 ಅಡಿ ಅಗಲ, 7 ಅಡಿ ಉದ್ದದ ಕೌದಿಗೆ ಒಳಪದರ ಮೂರು ಸಾಕು. 18 ಅಡಿಯ ಹಳೇ ಕಾಟನ್ ಸೀರೆಯಿಂದ 5 ಅಡಿಯ ತುಂಡು ಮೂರು ಬರುತ್ತೆ. ಎರಡು ತುಂಡನ್ನ ಅಂಚಿಗೆ ಅಂಚು ಜೋಡಿಸಿದರೆ ಏಳಡಿ ದಾಟುತ್ತೆ, ಅದು ಒಂದು ಪದರ. ಹಾಗಾಗಿ ಎರಡು ಸೀರೆಗೆ ಮೂರು ಪದರ ಲೆಕ್ಕ ಸರಿ. ಉಳಿದ ಮೂರಡಿ ಸೆರಗು ಮೇಲಿನ ತುಂಡುಗಳಿಗೆ ಆಗುತ್ತೆ. ಜೋಡಣೆಯ ಗೆರೆಗಳು ಒಂದರ ಮೇಲೊಂದು ಬರಬಾರದು, ಗೇಣಿನಷ್ಟು ಸರಿಸಿ. ಇಲ್ಲದಿದ್ದರೆ ಅಲ್ಲಿ ದಿಂಡುಗಟ್ಟಿ, ಮಲಗಿದಾಗ ಬೆನ್ನಿಗೆ ಒತ್ತುತ್ತೆ.

ಹಾಸುಹೊಕ್ಕು ಅವರು ಹೇಳಿದ ಮಾತು ಇಲ್ಲಿ ಅಕ್ಷರಶಃ ನಿಜ. ಹಳೇ ಸೀರೆ ಕುಗ್ಗೋದೆಲ್ಲ ಕುಗ್ಗಿ ಮುಗಿದಿರುತ್ತೆ. ಅದರ ಮೇಲೆ ಹೊಸ ಬಟ್ಟೆಯ ತುಂಡು ತೊಳೆಯದೆ ಹೊಲಿದರೆ, ಮೊದಲ ಒಗೆತಕ್ಕೆ ಆ ತುಂಡು ಮಾತ್ರ ಕುಗ್ಗಿ ಸುತ್ತ ನಿರಿಗೆ ಬೀಳುತ್ತೆ. ಪಾಲಿಯೆಸ್ಟರ್ ಮಿಶ್ರಣದ ತುಂಡು ಅಷ್ಟಾಗಿ ಕುಗ್ಗಲ್ಲ, ಅದರ ಪಕ್ಕದ ಹತ್ತಿ ಕುಗ್ಗಿದಾಗ ಅದು ಉಬ್ಬುತ್ತೆ. ಎಲ್ಲವನ್ನೂ ಬಿಸಿನೀರಲ್ಲಿ ಒಗೆದು ಒಣಗಿಸಿಯೇ ಕತ್ತರಿ ಹಾಕಿ.

ಹೊಲಿಗೆ ಹೊರಗಿನ ಅಂಚಿನಿಂದ ಸುತ್ತುತ್ತಾ ಒಳಕ್ಕೆ ಹೋಗೋದು ಹಳೇ ರೂಢಿ, ನೋಡೋಕೂ ಅದೇ ಲಕ್ಷಣ. ಆದರೆ ಕಚ್ಚಾ ಹೊಲಿಗೆ (ಆಮೇಲೆ ಬಿಚ್ಚೋ ತಾತ್ಕಾಲಿಕ ಹೊಲಿಗೆ) ಇಲ್ಲದೆ ಹಾಗೆ ಹೊರಟರೆ ಪದರಗಳ ಸಡಿಲವೆಲ್ಲ ನಡುವಿಗೆ ತಳ್ಳಿಕೊಂಡು ಬಂದು ಕೊನೆಗೆ ಗುಡ್ಡವಾಗಿ ನಿಲ್ಲುತ್ತೆ. ಮೊದಲು ನೆಲದ ಮೇಲೆ ಹಾಸಿ, ನಡುವಿನಿಂದ ನಾಲ್ಕೂ ಅಂಚಿಗೆ ಸವರಿ, ಗೇಣಿಗೊಂದು ಸಾಲು ಕಚ್ಚಾ ಹೊಲಿಗೆ ಹಾಕಿ. ಆಮೇಲೆ ಅಂಚಿನಿಂದ ಶುರು ಮಾಡಿ, ಸಾಲಿಗೂ ಸಾಲಿಗೂ ಬೆರಳಗಲ. ದಾರಕ್ಕೆ ಜೇನುಮೇಣ ಸವರಿದರೆ ಸಿಕ್ಕು ಬೀಳಲ್ಲ.

ಹಾಸುಹೊಕ್ಕು (ಚಳ್ಳಕೆರೆ)

ಪುಸ್ತಕದ ಮಾತು ಉಳೀತು, ಚಿಕ್ಕದಾಗಿ ಹೇಳ್ತೀನಿ. ಕಾಗದಕ್ಕೂ ಮರದ ಹಾಗೆ ನಾರಿನ ದಿಕ್ಕು ಐತೆ. ಒದ್ದೆಯಾದಾಗ ಕಾಗದ ಆ ದಿಕ್ಕಿಗೆ ಅಡ್ಡವಾಗಿ ಹಿಗ್ಗುತ್ತೆ. ನಾರು ಬೆನ್ನಿನ ಗುಂಟ ಮೇಲಿಂದ ಕೆಳಕ್ಕೆ ಇರಬೇಕು. ಅಂಗಡಿಯ ಎ4 ಹಾಳೆಯಲ್ಲಿ ನಾರು ಸಾಮಾನ್ಯವಾಗಿ ಉದ್ದಕ್ಕೆ ಇರುತ್ತೆ, ಅದನ್ನ ಅರ್ಧಕ್ಕೆ ಮಡಚಿದರೆ ನಾರು ಮಡಿಕೆಗೆ ಅಡ್ಡ ಬರುತ್ತೆ. ಅಂಟು ಹಚ್ಚಿದ ಮೇಲೆ ಬೆನ್ನಿನ ಹತ್ತಿರ ಅಲೆ ಅಲೆ ಏಳೋದು, ಪುಸ್ತಕ ತೆರೆದಿಟ್ಟರೆ ನಿಲ್ಲದಿರೋದು ಇದರಿಂದ. ಪ್ರೆಸ್‌ನವರ ಹತ್ತಿರ ದೊಡ್ಡ ಹಾಳೆ ತಗೊಂಡು ಬೇಕಾದ ದಿಕ್ಕಿಗೆ ಕತ್ತರಿಸಿಕೊಳ್ಳಿ. ದಿಕ್ಕು ತಿಳಿಯೋಕೆ ಹಾಳೆಯನ್ನ ಎರಡೂ ಕಡೆ ಮಡಚದೆ ಬಗ್ಗಿಸಿ ನೋಡಿ. ಸುಲಭವಾಗಿ ಬಗ್ಗಿದಾಗ ಬಾಗಿನ ಗೆರೆ ಯಾವ ಕಡೆ ಇರುತ್ತೋ ನಾರೂ ಆ ಕಡೆಯೇ.

ರಟ್ಟಿನ ಹೊರಗೆ ಬಟ್ಟೆ ಅಂಟಿಸಿದಾಗ ಗಂಜಿ ಒಣಗಿ ಕುಗ್ಗಿ ರಟ್ಟನ್ನ ಹೊರಕ್ಕೆ ಬಾಗಿಸುತ್ತೆ. ಒಳಗಡೆಯೂ ಕಾಗದ ಅಂಟಿಸಿದರೆ ಅದು ಇತ್ತ ಎಳೆದು ಸಮವಾಗುತ್ತೆ. ತೂಕದ ಕೆಳಗೆ ಒಂದು ರಾತ್ರಿ ಇಡೋದು ಮರೀಬೇಡಿ. ಹೊಲಿಗೆಯ ತೂತಿಗೆ ದಬ್ಬಳ ಸಾಕು.

ಎರೆಹೊಲ (ಚಿತ್ರದುರ್ಗ)

ಮಣ್ಣಿಗೆ ಬರ್ತೀನಿ. ಹೊಲದ ಎರೆಮಣ್ಣು ಕೈಗೆ ಬೆಣ್ಣೆಯ ಹಾಗೆ ಹತ್ತುತ್ತೆ, ಹಿಡಿದ ಆಕಾರಕ್ಕೆ ಬರುತ್ತೆ, ಅದಕ್ಕೇ ಹೊಸಬರು ಅದಕ್ಕೆ ಮೋಸ ಹೋಗ್ತಾರೆ. ಬೇಸಿಗೆಯಲ್ಲಿ ಎರೆಹೊಲ ಕಾಲು ಹೋಗುವಷ್ಟು ಬಿರುಕು ಬಿಡೋದನ್ನ ನೋಡಿದೋರು ಅದರಲ್ಲಿ ಮೂರ್ತಿ ಮಾಡಬಾರದು. ಕೆರೆ ಜೇಡಿಮಣ್ಣೇ ಬೇಕು. ತಂದ ಮಣ್ಣನ್ನ ಮೊದಲು ಪರೀಕ್ಷೆ ಮಾಡ್ರಿ. ಹದಕ್ಕೆ ಕಲಸಿ ಪಟ್ಟಿ ಮಾಡಿ, ಚಾಕುವಿನಿಂದ ಸರಿಯಾಗಿ 10 ಸೆಂ.ಮೀ. ಅಂತರಕ್ಕೆ ಎರಡು ಗೆರೆ ಎಳೆದು ನೆರಳಲ್ಲಿ ಒಣಗಿಸಿ. ಗೆರೆಗಳ ನಡುವೆ 9.4 ಇದ್ದರೆ ಒಳ್ಳೇ ಮಣ್ಣು. 9ಕ್ಕೆ ಇಳಿದರೆ ನಾಲ್ಕು ಪಾಲು ಮಣ್ಣಿಗೆ ಒಂದು ಪಾಲು ಜರಡಿ ಹಿಡಿದ ಮರಳು ಸೇರಿಸಿ ಮತ್ತೆ ಅಳೀರಿ.

ಗಣಪತಿ ಮೂರ್ತಿಯ ಗೋಡೆ ಎಲ್ಲಾ ಕಡೆ ಒಂದೇ ದಪ್ಪ ಇರಲಿ, ಒಂದರಿಂದ ಒಂದೂವರೆ ಸೆಂ.ಮೀ. ಸೊಂಡಿಲು ತೆಳು, ಹೊಟ್ಟೆ ಗಟ್ಟಿ ಇದ್ದರೆ ಸೊಂಡಿಲು ಮೊದಲು ಒಣಗಿ ಕುಗ್ಗಿ ಬುಡದಲ್ಲಿ ಸೀಳುತ್ತೆ. ಮೊದಲ ಎರಡು ದಿನ ಒದ್ದೆ ಬಟ್ಟೆ ಮುಚ್ಚಿ, ಸೊಂಡಿಲಿಗೆ ಇನ್ನೊಂದು ಸುತ್ತು ಜಾಸ್ತಿ.

ಬಣ್ಣಕ್ಕೆ ಹೊರಗೆ ಹುಡುಕಬೇಕಿಲ್ಲ. 1947ರಲ್ಲಿ ಪುರಾತತ್ವ ತಜ್ಞ ಮಾರ್ಟಿಮರ್ ವ್ಹೀಲರ್ ನಮ್ಮ ಜಿಲ್ಲೆಯ ಬ್ರಹ್ಮಗಿರಿ, ಚಂದ್ರವಳ್ಳಿಯಲ್ಲಿ ಅಗೆಸಿದಾಗ ಸಿಕ್ಕ ಮಡಕೆ ಚೂರುಗಳಲ್ಲಿ ಕೆಂಗಂದು ಲೇಪದ ಕೆಳಗೆ ಬಿಳಿ ಗೆರೆಗಳ ಚಿತ್ತಾರ ಇರೋವು ಇದ್ದವು. ಮನೆಯಲ್ಲಿ ಅದಕ್ಕೆ ಹತ್ತಿರದ ಕೆಲಸ ಮಾಡೋಕೆ, ಅರೆ ಒಣಗಿದ ಮಣ್ಣಿನ ಮೇಲೆ ಬಟ್ಟೆಯಲ್ಲಿ ಸೋಸಿದ ಕೆಮ್ಮಣ್ಣಿನ ತೆಳು ಬಗ್ಗಡ ಬಳಿದು, ಒಣಗಿದ ಮೇಲೆ ಬಿಳಿಜೇಡಿಯಲ್ಲಿ ಗೆರೆ ಎಳೀರಿ. ಪೂರ್ತಿ ಒಣಗಿದ ಮೇಲೆ ಬಳಿದರೆ ಲೇಪ ಹಪ್ಪಳದ ಹಾಗೆ ಎದ್ದುಬರುತ್ತೆ.

ಚೊಗರುಕೆಂಪು (ಚನ್ನಗಿರಿ)

ಓದಿದೆ. ಒಂದನ್ನೇ ಹಿಡೀರಿ ಅಂದ ಮಾತು ವಾಪಸ್ ತಗೋತೀನಿ. ಆದರೆ ಒಂದು ಮಾಡಿ: ಯಾವ ಕೆಲಸ ಮಾಡಿದರೂ ಅದರ ಚೂರನ್ನ ಪುಸ್ತಕಕ್ಕೆ ಹಚ್ಚಿ, ಪಕ್ಕದಲ್ಲಿ ತೂಕ, ನೀರು, ಹೊತ್ತು ಬರೀರಿ. ಬಣ್ಣದ ಚೂರಿನ ಅರ್ಧ ಭಾಗ ಕಿಟಕಿ ಬಿಸಿಲಿಗೆ, ಅರ್ಧ ರಟ್ಟಿನ ಮರೆಗೆ ತಿಂಗಳು ಬಿಡಿ, ಬಣ್ಣ ಎಷ್ಟು ನಿಲ್ಲುತ್ತೆ ಅಂತ ಗೊತ್ತಾಗುತ್ತೆ. ಮೊದಲು ಕೊಳ್ಳಬೇಕಾದ್ದು ಗ್ರಾಂ ತೋರಿಸೋ ಚಿಕ್ಕ ತಕ್ಕಡಿ. ಅಡಿಗೆ ಪಾತ್ರೆ ಯಾವುದನ್ನೂ ಈ ಕೆಲಸಕ್ಕೆ ಬಳಸಬೇಡಿ, ಬಣ್ಣಕ್ಕೆ ಅಂತಲೇ ಒಂದು ಹಳೇ ಸ್ಟೀಲ್ ಡಬರಿ ಇಟ್ಟುಕೊಳ್ಳಿ.

ಸೂಜಿಮೊನೆ (ದಾವಣಗೆರೆ)

ಎಲ್ಲರಿಗೂ ಮನಸಾರೆ ಧನ್ಯವಾದ. ಕೊನೇದಾಗಿ, ಮೋಡ ಮೋಡವಾದ ಆ ಬಟ್ಟೆಯನ್ನ ಏನು ಮಾಡಲಿ? ಮತ್ತೆ ಸರಿಮಾಡೋಕೆ ಬರುತ್ತಾ?

ಪದರ (ದಾವಣಗೆರೆ)

ಸಮ ಬಣ್ಣಕ್ಕೆ ತರೋದು ಕಷ್ಟ. ಸೋಡಾ ನೀರಲ್ಲಿ ಕುದಿಸಿದರೆ ಒಂದಿಷ್ಟು ಇಳಿಯುತ್ತೆ, ಪೂರ್ತಿ ಇಳಿಯಲ್ಲ. ಅರ್ಧ ಬಟ್ಟೆಯನ್ನ ಮೇಲೆ ಹೇಳಿದ ನೂರಕ್ಕೆ 2ರ ಅಳತೆಯ ಅನ್ನಭೇದಿಗೆ (100 ಗ್ರಾಂ ಬಟ್ಟೆಗೆ 2 ಗ್ರಾಂ) ಹಾಕಿ, ಅರ್ಧ ಹಾಗೇ ಇಡಿ. ಒಂದೇ ಬಟ್ಟೆಯಿಂದ ಕಂದಿನ ನಾಲ್ಕೈದು ಛಾಯೆ, ಬೂದಿಯ ಎರಡು ಮೂರು ಛಾಯೆ ಸಿಗುತ್ತೆ. ಗೇಣುದ್ದದ ಚೌಕ ಕತ್ತರಿಸಿ ಕೌದಿಯ ಮೇಲ್ಪದರಕ್ಕೆ ಹಾಕಿದರೆ ಸಮ ಬಣ್ಣದ ತುಂಡಿಗಿಂತ ಚಂದ ಕಾಣುತ್ತೆ. ಕತ್ತರಿಸೋ ಮುಂಚೆ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಬಿಳಿಗೆ ಕಂದು ಹತ್ತಿದರೆ ಇನ್ನೂ ಎರಡು ಸಲ ಜಾಲಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೆ ಪಕ್ಕದ ತುಂಡುಗಳಿಗೂ ಹರಡುತ್ತೆ.